ಕಾರ್ಬನ್ ಪ್ರತಿ

ಶಿವಮೊಗ್ಗದ ಕೋರ್ಟಿನೆದುರು, ಬೇವಿನ ಬುಡದಲ್ಲಿ,
ಸಲ್ದಾನಾ ಮಾಸ್ತರರ ಟೈಪ್‌ರೈಟರು.
ಎಸ್ ಅಕ್ಷರ ಮಾತ್ರ ಯಾವತ್ತೂ ಅರ್ಧ ಗೆರೆ ಮೇಲೆ,
ಸಾಲಿನಲ್ಲಿ ಎದ್ದು ನಿಂತು ಇಣುಕುವವನ ಹಾಗೆ.
ನನಗಾಗ ಹದಿನಾರು. ಪುಟಕ್ಕೆ ಮೂರು ರೂಪಾಯಿ,
ಕಾರ್ಬನ್ ಪ್ರತಿಗೆ ಎಂಟಾಣೆ,
ಇಂಗ್ಲಿಷಾದರೆ ಒಂದು ರೂಪಾಯಿ ಹೆಚ್ಚು.
ಅದರಲ್ಲಿ ಯೋಚನೆಯೂ ಸೇರಿದೆ, ಅನ್ನುತ್ತಿದ್ದರು.

ಸೊರಬದ ಕಡೆಯವಳು ಬಂಗಾರಿ.
ಸೆರಗಿನ ಗಂಟಲ್ಲಿ ನಾಲ್ಕು ಮಡಿಕೆಯ ಕಾಗದ,
ನಾಗಪುರದ ಲಾರಿ ಕಂಪನಿಯದು:
ಶುಂಠಿ ಲೋಡು ಒಯ್ದ ಡ್ರೈವರ್ ಹಾಲೇಶ
ಗಾಡಿಯನ್ನು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ
ಬೀಗದ ಕೈ ಟಯರಿನ ಮೇಲಿಟ್ಟು
ಅಬ್‌ಸ್ಕಾಂಡಿಂಗ್.

‘ಹಂಗಂದ್ರೇನು?’
ಮಾಸ್ತರರು ಕನ್ನಡಕ ತೆಗೆದು ಒರೆಸಿದರು.
‘ತಲೆ ತಪ್ಪಿಸ್ಕೊಂಡಿದಾನೆ ಅಂತ.’
‘ತಲೆ ತಪ್ಪಿಸೋನು ಬೀಗದ ಕೈ ಯಾಕೆ ಬಿಟ್ಟು ಹೋಗ್ತಾನೆ?’
ಛಾಪಾ ಕಾಗದ ಮಾರುವವನೂ
ಎಣಿಸುತ್ತಿದ್ದ ನೋಟು ನಿಲ್ಲಿಸಿದ.

ಆ ಪದ ಬೇಡ, ಬೇರೆ ಹೊಡಿ, ಅಂದರು ನನಗೆ.
ನಾನೋ ಜಾಣ. ಲಾಸ್ಟ್ ಅಂತ ಹೊಡೆದೇಬಿಟ್ಟೆ.
ಮಾಸ್ತರರು ಮಾತಾಡದೆ ರಬ್ಬರು ಮುಂದೆ ಚಾಚಿದರು.
‘ಐ ಲಾಸ್ಟ್ ಮೈ ಹಸ್ಬೆಂಡ್ ಅನ್ನೋದು
ಮಣ್ಣು ಮಾಡಿ ಬಂದವಳ ಮಾತು ಕಣೊ.
ಹೀ ಈಸ್ ಲಾಸ್ಟ್ ಅಂದರೆ ದಾರಿ ತಪ್ಪಿದವನು.
ಹದಿನೆಂಟು ವರ್ಷ ಹೈವೇ ತುಳಿದವನಿಗೆ ಅದೂ ಹೊಂದೋಲ್ಲ.
ಮಿಸ್ಸಿಂಗ್ ಹೊಡಿ.
ಮಿಸ್ಸಿಂಗ್ ಅಂದರೆ, ಅಂಗಿಯ ಗುಂಡಿ ಇಲ್ಲ,
ಕಾಜ ಇದೆ.’

ಲೆಫ್ಟ್ ಅಂತಲೂ ಒಂದಿದೆ, ಎಂದರು ಆಮೇಲೆ,
ನನಗಷ್ಟೇ ಕೇಳುವ ಹಾಗೆ.
ಅದನ್ನು ಕನ್ನಡಕ್ಕೆ ಬಿಡಿಸಲಿಲ್ಲ,
ಅವಳನ್ನು ನೋಡಲೂ ಇಲ್ಲ.

‘ಲಾಸ್ಟು ನಂಗೂ ಗೊತ್ತು,’ ಅಂದಳು ಬಂಗಾರಿ.
‘ರಾತ್ರಿ ಎಂಟೂಕಾಲಿಗೆ ನಮ್ಮೂರಿಗೆ ಲಾಸ್ಟ್ ಬಸ್ಸು.
ಮಿಸ್ಸೂ ಗೊತ್ತು. ಲಾಸ್ಟ್ ಮಿಸ್ಸಾದ್ರೆ
ಸ್ಟ್ಯಾಂಡಲ್ಲಿ ಕಲ್ಲುಬೆಂಚಿನ ಮೇಲೆ ಮಲಗಿ
ಬೆಳಿಗ್ಗೆ ಮೊದಲ್ನೇ ಗಾಡಿಗೆ ಬರ್ತಾರೆ.
ಅಷ್ಟು ಬರೀರಿ ಸಾಕು.’

ಮಾಸ್ತರರು ನಕ್ಕಿದ್ದರೆ ನಾನೂ ನಗುತ್ತಿದ್ದೆ.
ಹೊತ್ತು ಹೋಗದೆ ಆಮೇಲೊಮ್ಮೆ
ಪೊಟ್ಟಣದ ಕಾಗದದ ಮೇಲೆ ಕನ್ನಡದಲ್ಲಿ ಬರೆದು ನೋಡಿದೆ:
ಕೊನೆಯದಕ್ಕೂ ಲಾಸ್ಟ್, ಕಳೆದದ್ದಕ್ಕೂ ಲಾಸ್ಟ್.
ನಮ್ಮ ಲಿಪಿಯಲ್ಲಿ ಒಂದು ಒತ್ತಿನ ಫರಕೂ ಇಲ್ಲ.
ಅವಳು ತಪ್ಪು ತಿಳಿದಳು ಅನ್ನಲು ಯಾವ ಮುಖ?

ಮೇಲಿನ ಪುಟ ಉಜ್ಜಿ ಉಜ್ಜಿ ತೆಳ್ಳಗಾಗಿ
ಮಿಸ್ಸಿಂಗ್ ಹೊತ್ತು ನಾಗಪುರಕ್ಕೆ ಹೋಯಿತು.
ಕೆಳಗಿನದನ್ನು ಉಜ್ಜಲು ಮರೆತಿದ್ದೆ.
ಕಾರ್ಬನ್ ಪ್ರತಿ ಬಿಡಿಸಿ ಬೆಳಕಿಗೆ ಹಿಡಿದಳು:
ಒಂದರ ಮೇಲೊಂದು ಎರಡು ಪದ,
ಎಲ್ಲಿನ ಮೇಲೆ ಎಮ್ಮು, ಓ ಒಳಗೆ ಐ, ನೀಲಿ ಕಲಸು.
ಮೂರನೆಯ ಅಕ್ಷರ ಮಾತ್ರ ಎರಡಕ್ಕೂ ಒಂದೇ.
ಎಸ್ಸಿನ ಮೇಲೆ ಎಸ್ಸು ಕೂತು, ದಪ್ಪಗೆ,
ಅರ್ಧ ಗೆರೆ ಮೇಲೆ.

‘ಇದೊಂದು ಚೆನ್ನಾಗಿ ಬಿದ್ದೈತೆ. ಏನಿದು?’
‘ಎಸ್.’
‘ಎಸ್ ಅಂದ್ರೆ ಹೂಂ ಅಂತಲ್ವಾ?’

ಅದಲ್ಲ, ಅದು ಬೇರೆ, ಅನ್ನಲು ಬಾಯಿ ತೆರೆದೆ.
ಮಾಸ್ತರರ ಕಾಲು ಮೇಜಿನಡಿ ನನ್ನ ಕಾಲು ತುಳಿಯಿತು.

ನಾಲ್ಕೂವರೆ ರೂಪಾಯಿ ಎಣಿಸಿಟ್ಟಳು.
ಯೋಚನೆಯ ರೂಪಾಯಿಯನ್ನೂ ಮಾಸ್ತರರು ಬಿಡಲಿಲ್ಲ,
ಡ್ರಾಯರಿಗೆ ಹಾಕಿ, ಮೆಲ್ಲಗೆ ಮುಚ್ಚಿದರು.
ಕಾಗದ ಮತ್ತೆ ನಾಲ್ಕು ಮಡಿಕೆಯಾಗಿ ಗಂಟಿಗೆ ಸೇರಿತು.
ಸ್ಟ್ಯಾಂಡಿನ ಕಡೆ ನಡೆದಳು, ಅವಸರವಿಲ್ಲದೆ.
ಲಾಸ್ಟ್ ಬಸ್ಸಿಗೆ ಇನ್ನೂ ಮೂರು ಗಂಟೆ ಇತ್ತು.